ಆರು ಬೋಲ್ಟ್ ಕೂತರೆ ಸಾಕಾ? ಡಿ-ಮ್ಯಾಕ್ಸ್ ಪಿಕಪ್‌ಗೆ ಬದಲಿ ಡಿಸ್ಕ್ ಹುಡುಕುತ್ತಿದ್ದೇನೆ

ಹಾನುಬಾಳು_ಕಾಫಿ · ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಿಂದ ಹಾನುಬಾಳು ಕಡೆ ನಮ್ಮದು ಕಾಫಿ, ಮೆಣಸಿನ ತೋಟ. ಗಾಡಿ ಇಸುಜು ಡಿ-ಮ್ಯಾಕ್ಸ್ ಎಸ್-ಕ್ಯಾಬ್. ಟಯರು 205 ಆರ್ 16 ಸಿ, ಕಂಪನಿಯವರೇ ಕೊಟ್ಟ ಕಬ್ಬಿಣದ ಡಿಸ್ಕು (ಟಯರ್ ಕೂರುವ ವೀಲ್, ಬ್ರೇಕಿನದಲ್ಲ). ಗೊಬ್ಬರ ತರುವುದು, ಮೂಟೆಗಳನ್ನು ಹಾಸನದ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸುವುದು, ಎಲ್ಲಾ ಇದರಲ್ಲೇ.

ಎರಡು ವಾರದಿಂದ ಹಿಂದಿನ ಎಡಗಡೆ ಚಕ್ರದಲ್ಲಿ ಗಾಳಿ ನಿಲ್ಲುತ್ತಿಲ್ಲ. ಸಂಜೆ 55 ಹಾಕಿಸಿದರೆ ಬೆಳಿಗ್ಗೆ 40. ಪಂಕ್ಚರ್ ಅಂಗಡಿಯಲ್ಲಿ ಬಿಚ್ಚಿ ತೊಟ್ಟಿಯ ನೀರಿಗೆ ಹಾಕಿದರು. ಟಯರಿನಲ್ಲಿ ಒಂದೂ ಗುಳ್ಳೆ ಇಲ್ಲ. ರಿಮ್ಮಿನ ಅಂಚಿನಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಒರೆಸಿ ನೋಡಿದರೆ ಒಳಬದಿಯ ಅಂಚು ಒಂದು ಗೇಣು ಉದ್ದಕ್ಕೆ ನೆಗ್ಗಿದೆ. ಮಳೆಗಾಲದಲ್ಲಿ ತೋಟದ ಗೇಟಿನ ಮೋರಿ ಕಲ್ಲಿಗೆ ಲೋಡಿನ ಸಮೇತ ಹೊಡೆದಿದ್ದೆ, ಅದೇ ಇರಬೇಕು. ಅಷ್ಟೇ ಆಗಿದ್ದರೆ ಇಷ್ಟು ಯೋಚನೆ ಇರಲಿಲ್ಲ. ನಟ್ಟಿನ ಎರಡು ತೂತುಗಳ ನಡುವೆ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ಬಲಗಡೆ ಡಿಸ್ಕಿನ ಅಂಚೂ ಸ್ವಲ್ಪ ಬೆಂಡಾಗಿದೆ, ಅದರಲ್ಲಿ ಗಾಳಿ ಹೋಗುತ್ತಿಲ್ಲ.

ಒಬ್ಬರು ವೆಲ್ಡಿಂಗ್ ಮಾಡಿಸಿ ಅಂದರು. ಇನ್ನೊಬ್ಬರು ಚಿಕ್ಕಮಗಳೂರಿನಲ್ಲಿ ನಾಲ್ಕು ಅಲಾಯ್ ವೀಲ್ ಇದೆ, ಹೈಲಕ್ಸ್‌ನಿಂದ ಬಿಚ್ಚಿದ್ದು, 17 ಇಂಚು, ಟಯರ್ ಸಮೇತ ನಾಲ್ಕಕ್ಕೆ 32 ಸಾವಿರ ಅಂತ ಫೋಟೋ ಕಳಿಸಿದರು. "ಅದೂ ಆರು ಬೋಲ್ಟು, ನಿಮ್ಮದೂ ಆರು ಬೋಲ್ಟು, ಹಾಗೇ ಕೂರುತ್ತೆ" ಅನ್ನುತ್ತಾರೆ. ನೋಡಲು ಚೆನ್ನಾಗಿದೆ. ಆದರೆ ಇದು ಶೋಕಿ ಗಾಡಿ ಅಲ್ಲ, ದುಡಿಯುವ ಗಾಡಿ. ಗೊತ್ತಿದ್ದವರು ದಯವಿಟ್ಟು ಹೇಳಿ.

---

ಚಾರ್ಮಾಡಿ_ಪಿಕಪ್ · ಭಾನುವಾರ ರಾತ್ರಿ 9:05

ಅಣ್ಣ, ಮೊದಲು ಆ ಬಿರುಕು ಬಿಟ್ಟ ಡಿಸ್ಕ್ ಬಿಚ್ಚಿ ಸ್ಟೆಪ್ನಿ ಹಾಕಿ. ನಾಳೆಗೆ ಇಡಬೇಡಿ. ನಾನು ಕೊಟ್ಟಿಗೆಹಾರದಿಂದ ಕೆಳಗೆ ವಾರಕ್ಕೆ ಮೂರು ಸಲ ಬೊಲೆರೊ ಪಿಕಪ್‌ನಲ್ಲಿ ತರಕಾರಿ ಲೋಡ್ ಇಳಿಸುವವನು. ಆ ತಿರುವುಗಳಲ್ಲಿ ಹೊರಗಿನ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಸ್ಟೀರಿಂಗ್ ಹಿಡಿದವನಿಗೇ ಗೊತ್ತು. ಅಂಚು ಬೆಂಡಾದರೆ ಗಾಳಿ ಹೋಗುತ್ತದೆ, ಅಷ್ಟೇ. ತೂತಿನ ಬಳಿ ಬಿರುಕು ಬಂದರೆ ಚಕ್ರವೇ ಹೋಗುತ್ತದೆ.

---

ಶುಂಠಿ_ಅರಕಲಗೂಡು · ಭಾನುವಾರ ರಾತ್ರಿ 9:30

ವೆಲ್ಡಿಂಗ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ ಅಣ್ಣ. ಮೂರು ವರ್ಷದ ಹಿಂದೆ ನಮ್ಮ ಪಿಕಪ್‌ನ ಮುಂದಿನ ಡಿಸ್ಕಿಗೂ ಇದೇ ತರಹ ನಟ್ಟಿನ ತೂತಿನ ಹತ್ತಿರ ಬಿರುಕು ಬಂದಿತ್ತು. ಒಂದು ವರ್ಕ್‌ಶಾಪಿನಲ್ಲಿ ವೆಲ್ಡ್ ಮಾಡಿ, ಗ್ರೈಂಡ್ ಮಾಡಿ, ಸಿಲ್ವರ್ ಪೇಂಟ್ ಹೊಡೆದು ಕೊಟ್ಟರು. ಬಿರುಕು ಎಲ್ಲಿತ್ತು ಅಂತಲೇ ಗೊತ್ತಾಗುತ್ತಿರಲಿಲ್ಲ. ಒಂದು ತಿಂಗಳಾಗಿರಬೇಕು. ಹೊಳೆನರಸೀಪುರದ ರಸ್ತೆಯಲ್ಲಿ ಶುಂಠಿ ತುಂಬಿಕೊಂಡು ಹೋಗುವಾಗ ಟಕ್ ಟಕ್ ಅಂತ ಶಬ್ದ ಶುರುವಾಯಿತು. ಡ್ರೈವರ್ ಟೇಪಿನ ಹಾಡಿನಲ್ಲಿ ಗಮನಿಸಿರಲಿಲ್ಲ, ಪಕ್ಕದಲ್ಲಿ ನಾನು ಕೂತಿದ್ದೆ. ನಿಲ್ಲಿಸು ಅಂದೆ. ಇಳಿದು ನೋಡಿದರೆ ವೆಲ್ಡ್ ಮಾಡಿದ ಜಾಗದ ಪಕ್ಕದಲ್ಲೇ ಹೊಸ ಬಿರುಕು ತೂತಿನಿಂದ ತೂತಿಗೆ ಓಡಿತ್ತು. ಬೆರಳಿನ ಉಗುರು ಒಳಗೆ ಹೋಗುತ್ತಿತ್ತು. ಎರಡು ನಟ್ ಸಡಿಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಆವತ್ತು ಗಾಡಿಯಲ್ಲಿ ನನ್ನ ಮಗಳೂ ಇದ್ದಳು. ಇವತ್ತಿಗೂ ಆ ಶಬ್ದ ಕಿವಿಯಲ್ಲಿದೆ.

ದುಡ್ಡು ಕಡಿಮೆ ಆಗುತ್ತದೆ ಅಂತ ಆ ಕೆಲಸ ಮಾತ್ರ ಮಾಡಬೇಡಿ.

---

ಟಯರ್_ಹಾಸನ · ಭಾನುವಾರ ರಾತ್ರಿ 10:15

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಹಾಸನದ ಬಿ.ಎಂ. ರಸ್ತೆಯಲ್ಲಿ ಟಯರ್ ಕೆಲಸದಲ್ಲೇ ನನಗೆ ಹತ್ತೊಂಬತ್ತು ವರ್ಷ ಆಯಿತು. ಕಬ್ಬಿಣದ ಡಿಸ್ಕಿನ ಅಂಚು ಬೆಂಡಾದರೆ ಪ್ರೆಸ್‌ನಲ್ಲಿ ತೆಗೆಯಬಹುದು, ಬಿರುಕಿಲ್ಲದಿದ್ದರೆ ಮಾತ್ರ. ನಟ್ಟಿನ ತೂತಿನ ಹತ್ತಿರ ಬಿರುಕು ಬಂದ ಡಿಸ್ಕನ್ನು ನಾನು ಮುಟ್ಟುವುದಿಲ್ಲ. ವೆಲ್ಡ್ ಮಾಡಿದ ಗೆರೆ ಗಟ್ಟಿ ಆಗುತ್ತದೆ, ಅದರ ಅಕ್ಕಪಕ್ಕದ ಕಬ್ಬಿಣ ಶಾಖಕ್ಕೆ ಸೋತಿರುತ್ತದೆ. ಹೊಸ ಬಿರುಕು ಅಲ್ಲೇ ಹುಟ್ಟುತ್ತದೆ. ಅಕ್ಕನ ಗಾಡಿಯಲ್ಲಿ ಆಗಿದ್ದೂ ಅದೇ. ಅಲಾಯ್ ಆದರೆ ಇನ್ನೂ ಕಷ್ಟ. ಅದಕ್ಕೆ ಕಾರ್ಖಾನೆಯಲ್ಲಿ ಕಾಯಿಸಿ ತಣಿಸಿ ಗಟ್ಟಿತನ ಕೊಟ್ಟಿರುತ್ತಾರೆ. ವೆಲ್ಡಿಂಗ್ ಬೆಂಕಿ ಬಿದ್ದ ಜಾಗದಲ್ಲಿ ಅದು ಹೊರಟು ಹೋಗುತ್ತದೆ.

ಈಗ ಅಲಾಯ್ ವಿಷಯ. "ಆರು ಬೋಲ್ಟ್ ಕೂರುತ್ತೆ" ಅನ್ನುವ ಒಂದೇ ಮಾತಿನ ಮೇಲೆ ದುಡ್ಡು ಕೊಡಬೇಡಿ ಸರ್. ಡಿ-ಮ್ಯಾಕ್ಸ್‌ದು ಆರು ತೂತು, ಪಿಸಿಡಿ 139.7 ಮಿ.ಮೀ. ಹೈಲಕ್ಸ್‌ದೂ ಅದೇ. ತೂತುಗಳ ಮಧ್ಯದಲ್ಲಿ ಹಾದುಹೋಗುವ ವೃತ್ತದ ವ್ಯಾಸವೇ ಪಿಸಿಡಿ. 139.7 ಅಂದರೆ ಸರಿಯಾಗಿ ಐದೂವರೆ ಇಂಚು. ಹಾಗಾಗಿ ಬೋಲ್ಟ್ ಒಳಗೆ ಹೋಗುತ್ತದೆ, ನಟ್ಟೂ ಹಿಡಿಯುತ್ತದೆ. ನೋಡಿದವರು ಕೂತಿತು ಅಂದುಕೊಳ್ಳುತ್ತಾರೆ. ಆಮೇಲೆ ನೋಡಬೇಕಾದ್ದು ಇನ್ನೂ ನಾಲ್ಕಿದೆ.

ಮೊದಲನೆಯದು ನಡುವಿನ ದೊಡ್ಡ ತೂತು. ಡಿ-ಮ್ಯಾಕ್ಸ್ ಹಬ್ಬಿಗೆ (ಆಕ್ಸಲ್ ತುದಿಯಲ್ಲಿ ವೀಲ್ ಕೂರುವ ಭಾಗ) ಬರುವ ಡಿಸ್ಕಿನ ನಡು ತೂತು 100.1 ಮಿ.ಮೀ., ಹೈಲಕ್ಸ್‌ದು 106.1. ಅಂದರೆ ಹೈಲಕ್ಸ್ ವೀಲ್ ನಿಮ್ಮ ಹಬ್ಬಿನ ಮೇಲೆ ಹೋಗುತ್ತದೆ, ಆದರೆ ಸುತ್ತಲೂ 3 ಮಿ.ಮೀ. ಸಂದು ಉಳಿಯುತ್ತದೆ. ನಟ್ ಬಿಗಿ ಮಾಡುವಾಗ ವೀಲ್ ಒಂದು ಬದಿಗೆ ಜಾರಿ ಕೂತರೆ 70-80 ಸ್ಪೀಡಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಅದು ಹೋಗುವುದಿಲ್ಲ, ಯಾಕೆಂದರೆ ತಪ್ಪು ವೀಲಿನಲ್ಲಿಲ್ಲ, ಕೂತ ಜಾಗದಲ್ಲಿದೆ.

ಎರಡನೆಯದು ಆಫ್‌ಸೆಟ್. ಮೂರನೆಯದು ಆ ವೀಲ್ ಹೊರುವ ತೂಕ. ನಾಲ್ಕನೆಯದು ನಟ್ಟಿನ ಕೂರು, ಅಂದರೆ ನಟ್ ವೀಲಿನ ಮೇಲೆ ಕೂರುವ ಜಾಗದ ಆಕಾರ. ಈಗ ಅಂಗಡಿ ಮುಚ್ಚಿ ಊಟಕ್ಕೆ ಹೊರಟಿದ್ದೇನೆ, ನಾಳೆ ಬರೆಯುತ್ತೇನೆ.

---

ಆಲ್ದೂರು_ವಿಕ್ರಾಸ್ · ಸೋಮವಾರ ಬೆಳಿಗ್ಗೆ 6:50

ನನ್ನ ಹತ್ತಿರ ಡಿ-ಮ್ಯಾಕ್ಸ್‌ನದೇ ವಿ-ಕ್ರಾಸ್ ಮಾಡೆಲ್ ಇದೆ. ಒಂದು ವಿಷಯ ಹೇಳಲೇಬೇಕು. ಹೊರಗೆ ಚಾಚಿದ ಅಲಾಯ್ ಹಾಕಿಸಿ ಎಂಟು ತಿಂಗಳು ಓಡಿಸಿದ್ದೆ. ನೋಡಿದವರೆಲ್ಲ ಗಾಡಿ ಅಗಲ ಕಾಣುತ್ತೆ, ಸೂಪರ್ ಅಂದರು. ಬಾಳೆಹೊನ್ನೂರು ರಸ್ತೆಯಲ್ಲಿ ಮಳೆಗೆ ಹೋಗಿ ಬಂದರೆ ಬಾಗಿಲಿನ ಹಿಡಿಕೆವರೆಗೂ ಕೆಸರು. ಸಣ್ಣ ಗುಂಡಿಗೂ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಕೊನೆಗೆ ಮುಂದಿನ ಎರಡೂ ವೀಲ್ ಬೇರಿಂಗ್ ಗುಂಯ್ ಅನ್ನತೊಡಗಿದವು. ಬಿಚ್ಚಿ ಹಳೆಯದನ್ನೇ ಹಾಕಿಸಿದೆ. ಆವತ್ತು ಮನೆಗೆ ಬರುವಾಗ ಗಾಡಿ ಎಷ್ಟು ಹಗುರವಾಗಿ ತಿರುಗಿತು ಅಂತೀರಾ! ಪುಣ್ಯಕ್ಕೆ ಹಳೆಯ ವೀಲುಗಳನ್ನು ಮಾರಿರಲಿಲ್ಲ.

---

ಟಯರ್_ಹಾಸನ · ಸೋಮವಾರ ಮಧ್ಯಾಹ್ನ 2:20

ಆಲ್ದೂರು ಸರ್ ಹೇಳಿದ್ದೇ ಆಫ್‌ಸೆಟ್. ವೀಲಿನ ಅಗಲದ ಸರಿ ಮಧ್ಯದ ಗೆರೆ ಒಂದು, ಹಬ್ಬಿಗೆ ಅಂಟುವ ಮುಖ ಒಂದು. ಇವೆರಡರ ನಡುವಿನ ದೂರವೇ ಆಫ್‌ಸೆಟ್. ವೀಲಿನ ಬೆನ್ನಿನಲ್ಲಿ 'ಇಟಿ' ಅಂತ ಬರೆದು ಪಕ್ಕದಲ್ಲಿ ಸಂಖ್ಯೆ ಇರುತ್ತದೆ. ಡಿ-ಮ್ಯಾಕ್ಸ್‌ಗೆ ಇಟಿ 33ರ ಆಸುಪಾಸು, ಹೈಲಕ್ಸ್‌ಗೆ 30ರ ಆಸುಪಾಸು. ಅಷ್ಟು ವ್ಯತ್ಯಾಸ ತೊಂದರೆ ಕೊಡುವುದಿಲ್ಲ. ಆದರೆ ಶೋಕಿಗೆ ಮಾಡಿದ ಅಲಾಯ್‌ಗಳಲ್ಲಿ ಇಟಿ 0, ಕೆಲವದರಲ್ಲಿ ಸೊನ್ನೆಗಿಂತ ಕೆಳಗೂ ಇರುತ್ತದೆ. 33ರ ಜಾಗಕ್ಕೆ 0 ಹಾಕಿದರೆ ಚಕ್ರ ಒಂದೊಂದು ಬದಿಗೂ 33 ಮಿ.ಮೀ. ಹೊರಗೆ ಬರುತ್ತದೆ. ಅಂದರೆ ಭಾರ ಬೇರಿಂಗಿನಿಂದ ಅಷ್ಟು ದೂರ ಹೋಯಿತು. ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ತೋಳು ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಇಲ್ವಾ? ಬೇರಿಂಗಿಗೂ ಹಾಗೇ.

ಸಂಖ್ಯೆ ಅಳಿಸಿದ್ದರೆ ನೀವೇ ಅಳೆಯಬಹುದು. ವೀಲನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಬೆನ್ನಿನ ಅಂಚಿನ ಮೇಲೆ ಅಡ್ಡಲಾಗಿ ನೇರವಾದ ಪಟ್ಟಿ ಇಡಿ. ಆ ಪಟ್ಟಿಯಿಂದ ಕೆಳಗೆ, ಹಬ್ಬಿಗೆ ಕೂರುವ ಮುಖದವರೆಗೆ ಟೇಪ್ ಇಳಿಸಿ. ಅದರಲ್ಲಿ ವೀಲಿನ ಒಟ್ಟು ಅಗಲದ ಅರ್ಧ ಕಳೆಯಿರಿ. ಅಂಚಿನಿಂದ ಅಂಚಿಗೆ 180 ಇದ್ದು, ಆಳ 123 ಬಂದರೆ, 123ರಲ್ಲಿ 90 ಹೋಗಿ 33. ಒಂದೆರಡು ಮಿ.ಮೀ. ಆಚೀಚೆ ಆದರೆ ಚಿಂತೆ ಬೇಡ.

ತೂಕದ ವಿಷಯವನ್ನು ನಮ್ಮ ಕಡೆ ಯಾರೂ ನೋಡುವುದಿಲ್ಲ, ನನಗೆ ಅದೇ ಬೇಜಾರು. ಟಯರಿನ ಮೇಲೆ ಲೋಡ್ ನಂಬರ್ ಇರುತ್ತದೆ. 205 ಆರ್ 16 ಸಿ ಟಯರಿನಲ್ಲಿ ಸಾಮಾನ್ಯವಾಗಿ 110/108 ಅಂತ ಇರುತ್ತದೆ. 110 ಅಂದರೆ ಒಂದು ಟಯರಿಗೆ 1060 ಕೆ.ಜಿ. ಟಯರಿಗೆ ಇದ್ದಂತೆ ವೀಲಿಗೂ ಮಿತಿ ಇದೆ. ಬೆನ್ನಿನಲ್ಲಿ 'ಮ್ಯಾಕ್ಸ್ ಲೋಡ್' ಅಂತ ಕೆ.ಜಿ.ಯಲ್ಲಿ ಅಚ್ಚು ಹಾಕಿರುತ್ತಾರೆ. ಟಯರ್ 1060 ಹೊರುತ್ತದೆ ಅಂತ 690 ಕೆ.ಜಿ.ಯ ವೀಲ್ ಅಷ್ಟು ಹೊರುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಗಾಡಿಯ ಮಿತಿ. ಜೆಡಬ್ಲ್ಯುಎಲ್ ಅನ್ನುವ ಗುರುತು ಜಪಾನಿನ ಅಲಾಯ್ ಗುಣಮಟ್ಟದ್ದು, ಅದು ಕಾರಿಗೆ. ಲಾರಿ, ಬಸ್ಸಿನ ಲೆಕ್ಕದಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಜೆಡಬ್ಲ್ಯುಎಲ್-ಟಿ. ನಮ್ಮ ದೇಶದ್ದಾದರೆ ಐಎಸ್‌ಐ ಗುರುತಿನ ಜೊತೆ ಐಎಸ್ 16192 ಅಂತ ಇದೆಯಾ ನೋಡಿ. ಏನೂ ಗುರುತಿಲ್ಲದ ವೀಲ್ ಎಷ್ಟೇ ಹೊಳೆದರೂ ಲೋಡ್ ಗಾಡಿಗೆ ಬೇಡ.

---

ಹಾನುಬಾಳು_ಕಾಫಿ · ಸೋಮವಾರ ಸಂಜೆ 7:10

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್ ಸರ್. ಬಿರುಕಿನ ಡಿಸ್ಕ್ ತೆಗೆದು ಸ್ಟೆಪ್ನಿ ಹಾಕಿದ್ದೇನೆ. ಒಂದು ಪ್ರಶ್ನೆ. ನನ್ನ ಹಿಂದಿನ ಚಕ್ರಗಳ ಮೇಲೆ ನಿಜವಾಗಿ ಎಷ್ಟು ತೂಕ ಬೀಳುತ್ತದೆ ಅಂತ ತಿಳಿಯುವುದು ಹೇಗೆ?

---

ಶುಂಠಿ_ಅರಕಲಗೂಡು · ಸೋಮವಾರ ರಾತ್ರಿ 8:00

ವೇ ಬ್ರಿಡ್ಜ್‌ನಲ್ಲಿ ಹಿಂದಿನ ಚಕ್ರ ಮಾತ್ರ ಹತ್ತಿಸಿ, ಮುಂದಿನದು ಆಚೆ ನೆಲದ ಮೇಲೆ ಇರಲಿ. ಬಂದ ತೂಕದಲ್ಲಿ ಅರ್ಧ ಒಂದು ಚಕ್ರಕ್ಕೆ. ನಾವು ಶುಂಠಿ ತೂಗಿಸುವಾಗ ಹಾಗೇ ನೋಡಿಕೊಳ್ಳುತ್ತೇವೆ. ತೂಗುವವರು ಬೇಡ ಅನ್ನುವುದಿಲ್ಲ.

---

ಲೇತ್_ಕೆಲಸ · ಸೋಮವಾರ ರಾತ್ರಿ 9:15

ನಾನು ಹಾಸನದಲ್ಲಿ ಲೇತ್ ಕೆಲಸ ಮಾಡುವವನು. ನಡು ತೂತಿನ ಸಂದಿಗೆ ರಿಂಗ್ ಮಾಡಿಕೊಡಿ ಅಂತ ತಿಂಗಳಿಗೆ ಇಬ್ಬರು ಮೂವರು ಬರುತ್ತಾರೆ. ಒಳಗೆ 100.1, ಹೊರಗೆ 106.1 ಇಟ್ಟು ಅಲ್ಯೂಮಿನಿಯಂ ರಿಂಗ್ ತಿರುಗಿಸಿಕೊಡಬಹುದು, ಕಷ್ಟವೇನಲ್ಲ. ಅದು ವೀಲನ್ನು ನಡುವಿಗೆ ತಂದು ಕೂರಿಸುತ್ತದೆ. ವೀಲನ್ನು ಹಿಡಿದಿಡುವ ಕೆಲಸ ಮಾತ್ರ ನಟ್ಟುಗಳದ್ದೇ.

ಆದರೆ ಎರಡು ಕೆಲಸ ನಾನು ಮಾಡುವುದಿಲ್ಲ. ಹಳೆ ತೂತಿನ ಪಕ್ಕ ಹೊಸ ತೂತು ಕೊರೆದು ಬೇರೆ ಪಿಸಿಡಿ ಮಾಡುವುದು. ಮತ್ತೆ, ಚಿಕ್ಕದಿರುವ ತೂತನ್ನು ಫೈಲ್ ಹಾಕಿ ಮೊಟ್ಟೆ ಆಕಾರಕ್ಕೆ ಎಳೆಯುವುದು. ಯಾರೋ ಹಾಗೆ ಮಾಡಿದ ವೀಲ್ ಒಂದನ್ನು ನನ್ನ ಹತ್ತಿರ ತಂದಿದ್ದರು. ತೂತುಗಳ ನಡುವೆ ಉಳಿದಿದ್ದ ಲೋಹ ಕಿರುಬೆರಳಿನಷ್ಟೂ ಇರಲಿಲ್ಲ. ಅದರ ಮೇಲೆ ಒಂದು ಟನ್ ಹೊತ್ತು ಶಿರಾಡಿ ಇಳಿಯುವುದನ್ನು ಯೋಚಿಸಿ.

---

ಆಲ್ದೂರು_ವಿಕ್ರಾಸ್ · ಸೋಮವಾರ ರಾತ್ರಿ 9:40

ಇನ್ನೊಂದು ದಾರಿ ಇದೆ ಸರ್. ಡಿ-ಮ್ಯಾಕ್ಸ್‌ನದೇ ಹೈ-ಲ್ಯಾಂಡರ್ ಮಾಡೆಲ್‌ಗೆ ಕಂಪನಿಯಿಂದ 16 ಇಂಚಿನ ಕಬ್ಬಿಣದ ಡಿಸ್ಕೇ ಬರುತ್ತದೆ, ಟಯರು 245/70 ಆರ್ 16. ಗಾಡಿ ಮನೆಗೆ ಬಂದ ವಾರಕ್ಕೇ ಅದನ್ನು ಬಿಚ್ಚಿ ಅಲಾಯ್ ಹಾಕಿಸುವವರು ಇದ್ದಾರೆ. ಅಂಥವರ ಹತ್ತಿರ ಹೊಸದರಂತಹ ಡಿಸ್ಕ್ ಸಿಕ್ಕರೂ ಸಿಗಬಹುದು. ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆ ಕಡೆ ಯಾರಾದರೂ ಹೋಗುವವರಿದ್ದರೆ ಕೇಳಿಸಿ.

---

ಟಯರ್_ಹಾಸನ · ಸೋಮವಾರ ರಾತ್ರಿ 10:30

ಒಳ್ಳೆಯ ಸಲಹೆ. ಒಂದೇ ಮಾತು ಸೇರಿಸುತ್ತೇನೆ. ಆ ಡಿಸ್ಕಿನ ಅಗಲ ನಿಮ್ಮದರಷ್ಟೇ ಇದೆಯಾ ನೋಡಿ. ಬೆನ್ನಿನ ಮೇಲೆ 16×6 ಜೆ, 16×7 ಜೆ ಅಂತ ಇರುತ್ತದೆ. 245ರ ಟಯರಿಗೆ ಮಾಡಿದ ರಿಮ್ 205ಕ್ಕೆ ಅಗಲ ಆಗಬಹುದು. ಯಾವ ಟಯರಿಗೆ ಎಷ್ಟು ಅಗಲದ ರಿಮ್ ಅಂತ ಟಯರ್ ಕಂಪನಿಯ ಪಟ್ಟಿಯಲ್ಲಿ ಇದೆ, ಅದನ್ನು ಮೀರಬೇಡಿ. ಒಂದೇ ಆಕ್ಸಲ್‌ನಲ್ಲಿ ಎರಡು ಅಗಲದ ಡಿಸ್ಕ್ ಅಂತೂ ಬೇಡವೇ ಬೇಡ.

15 ಇಂಚಿನದು ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ ತಾಗಬಹುದು. ಹಾಕಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡದೆ ಗಾಡಿ ಇಳಿಸಬಾರದು.

---

ಹಾನುಬಾಳು_ಕಾಫಿ · ಬುಧವಾರ ರಾತ್ರಿ 9:20

ಇವತ್ತು ಚಿಕ್ಕಮಗಳೂರಿಗೆ ಹೋಗಿ ಆ ಅಲಾಯ್ ನೋಡಿಕೊಂಡು ಬಂದೆ. ನೋಡಿದ್ದನ್ನು ಪೂರ್ತಿ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಹೋಗುವ ದಾರಿಯಲ್ಲಿ ಮೂಟೆ ಹಾಕಿಕೊಂಡೇ ವೇ ಬ್ರಿಡ್ಜ್ ಹತ್ತಿಸಿದೆ. 50 ಕೆ.ಜಿ.ಯ 18 ಮೂಟೆ ಇತ್ತು. ಹಿಂದಿನ ಚಕ್ರಗಳು ಮಾತ್ರ 1640 ಕೆ.ಜಿ. ತೋರಿಸಿತು. ಅಂದರೆ ಒಂದಕ್ಕೆ 820. ನಿಂತ ಗಾಡಿಯಲ್ಲಿ ಇಷ್ಟು, ಗುಂಡಿಗೆ ಬಿದ್ದಾಗಿನ ಹೊಡೆತ ಬೇರೆ.

ಅಲ್ಲಿ ವೀಲುಗಳನ್ನು ತೊಳೆದು ಪಾಲಿಶ್ ಹಾಕಿ ಗೋಡೆಗೆ ಒರಗಿಸಿದ್ದರು. ಮುಖ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಗೋಣಿ ಹಾಸಿ ಒಂದನ್ನು ಮುಖ ಕೆಳಗೆ ಮಾಡಿ ಮಲಗಿಸಿದೆ. ಬೆನ್ನಿನ ತುಂಬಾ ಬ್ರೇಕಿನ ಕಪ್ಪು ಧೂಳು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಅಚ್ಚು ಕಾಣಿಸಿತು. ಪಿಸಿಡಿ 6×139.7. ಅದು ಸರಿ. ಇನ್ನೊಂದು ಕಡ್ಡಿಯ ಹಿಂದೆ ಇಟಿ 0. ಅದರ ಪಕ್ಕದಲ್ಲಿ ಮ್ಯಾಕ್ಸ್ ಲೋಡ್ 690 ಕೆ.ಜಿ. ಜೆಡಬ್ಲ್ಯುಎಲ್-ಟಿ ಇಲ್ಲ, ಐಎಸ್‌ಐ ಇಲ್ಲ. ವರ್ನಿಯರ್ ಒಯ್ದಿದ್ದೆ, ನಡು ತೂತು ಅಳೆದರೆ 110. ಹೈಲಕ್ಸ್‌ದು 106 ಅಂದಿದ್ದಿರಿ. ಹಾಗಾದರೆ ಇದು ಹೈಲಕ್ಸ್ ಗಾಡಿಯಿಂದ ಬಿಚ್ಚಿದ್ದು ನಿಜವೇ ಇರಬಹುದು, ಆದರೆ ಕಂಪನಿ ಕೊಟ್ಟ ವೀಲ್ ಅಲ್ಲ ಅಲ್ವಾ?

820 ಬೀಳುವ ಕಡೆ 690 ಹೊರುವ ವೀಲ್. ಮಾರುವವರಿಗೆ ಸಂಖ್ಯೆ ತೋರಿಸಿದೆ. ಅವರು ಜಗಳ ಆಡಲಿಲ್ಲ, ಅವರಿಗೂ ಗೊತ್ತಿರಲಿಲ್ಲ ಅನಿಸಿತು. ಟೀ ಕುಡಿಸಿ ಕಳಿಸಿದರು.

---

ಟಯರ್_ಹಾಸನ · ಬುಧವಾರ ರಾತ್ರಿ 10:05

ತುಂಬಾ ಒಳ್ಳೆಯ ಕೆಲಸ ಮಾಡಿದಿರಿ ಸರ್. ಓದಿ ನಿಜಕ್ಕೂ ಖುಷಿ ಆಯಿತು. ಹೌದು, 110 ಅಂದರೆ ಅದು ಹೊರಗಿನ ಅಲಾಯ್. ಹಲವು ಗಾಡಿಗಳಿಗೆ ಕೂರಲಿ ಅಂತ ನಡು ತೂತನ್ನು ದೊಡ್ಡದಾಗಿಯೇ ಮಾಡುತ್ತಾರೆ, ಆಯಾ ಗಾಡಿಗೆ ತಕ್ಕ ರಿಂಗ್ ಹಾಕಿಕೊಳ್ಳಬೇಕು.

ಟಯರ್ ಅಳತೆಯನ್ನೂ ನೋಡಿ. ಹೈಲಕ್ಸ್‌ನ 17 ಇಂಚಿನದು 265/65 ಆರ್ 17. 265ರ ನೂರಕ್ಕೆ 65 ಅಂದರೆ 172, ಅದರ ಎರಡರಷ್ಟು 344, ಅದಕ್ಕೆ 17 ಇಂಚಿನ 432 ಸೇರಿಸಿದರೆ ಟಯರಿನ ಎತ್ತರ ಸುಮಾರು 776 ಮಿ.ಮೀ. ನಿಮ್ಮ 205 ಆರ್ 16 ಸುಮಾರು 735. ನೂರಕ್ಕೆ ಐದೂವರೆ ದೊಡ್ಡದು. ಮೀಟರ್ 60 ತೋರಿಸಿದಾಗ ಗಾಡಿ 63ರಲ್ಲಿ ಹೋಗುತ್ತಿರುತ್ತದೆ. ಅದಕ್ಕಿಂತ ಮುಖ್ಯ, ಎಲ್ಲ ಗೇರೂ ಅಷ್ಟು ಉದ್ದ ಆದ ಹಾಗೆ. ಲೋಡ್ ಇಟ್ಟುಕೊಂಡು ಮಾರನಹಳ್ಳಿಯಿಂದ ದೋಣಿಗಾಲ್‌ಗೆ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಜಾಗದಲ್ಲಿ ಎರಡನೆಯದು ಕೇಳುತ್ತದೆ. ಕ್ಲಚ್ಚಿಗೂ ಕೆಲಸ ಜಾಸ್ತಿ.

ಟಯರ್ ಬದಲಿಸುವವರಿಗೆ ಒಂದು ಸುಲಭದ ಲೆಕ್ಕ: 255/65 ಆರ್ 17 ಮತ್ತು 255/60 ಆರ್ 18, ಎರಡರ ಎತ್ತರವೂ 763. ರಿಮ್ ಒಂದು ಇಂಚು ದೊಡ್ಡದಾದರೂ ಹೊರಗಿನ ಅಳತೆ ಬದಲಾಗಿಲ್ಲ. ಹಾಗೆ ಹೊಂದಿಸಿದರೆ ಮೀಟರು, ಗೇರು ಎರಡಕ್ಕೂ ತೊಂದರೆ ಇಲ್ಲ.

---

ಚಾರ್ಮಾಡಿ_ಪಿಕಪ್ · ಬುಧವಾರ ರಾತ್ರಿ 10:40

ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ವಿಷಯವನ್ನೂ ಮರೆಯಬೇಡಿ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಚಕ್ರ ಬಾಡಿಯಿಂದ ಹೊರಗೆ ಚಾಚಿದ್ದರೆ ಅಲ್ಲಿ ಪ್ರಶ್ನೆ ಬರುತ್ತದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ.

ಟಯರ್ ಸರ್, ನನ್ನದೊಂದು ಪ್ರಶ್ನೆ. ಜಿಮ್ನಿಯಿಂದ ಬಿಚ್ಚಿದ 15 ಇಂಚಿನ ಅಲಾಯ್ ನನ್ನ ಬೊಲೆರೊ ಪಿಕಪ್‌ಗೆ ಆಗುತ್ತದೆ ಅಂತ ಒಬ್ಬರು ಹೇಳುತ್ತಿದ್ದಾರೆ. ಎರಡೂ ಐದು ತೂತು. ಐದು ತೂತಿನಲ್ಲಿ ಎದುರುಬದುರು ತೂತೇ ಇಲ್ಲ, ಅಳೆಯುವುದು ಹೇಗೆ?

---

ಟಯರ್_ಹಾಸನ · ಗುರುವಾರ ಮಧ್ಯಾಹ್ನ 3:00

ಪಕ್ಕಪಕ್ಕದ ಎರಡು ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆದು 1.7ರಿಂದ ಗುಣಿಸಿ ತಮ್ಮಾ. ಮಧ್ಯ ಹಿಡಿಯುವುದು ಕಷ್ಟ ಆದರೆ ಒಂದು ತೂತಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ, ಅಷ್ಟೇ ಬರುತ್ತದೆ. ಮುಂದಿನ ಮುಖದಲ್ಲಿ ತೂತು ಅಗಲವಾಗಿ ಇಳಿಜಾರಾಗಿರುತ್ತದೆ, ಹಾಗಾಗಿ ಬೆನ್ನಿನ ಕಡೆಯಿಂದ ಅಳೆಯಿರಿ. 82 ಬಂದರೆ 139.7. 67 ಬಂದರೆ 114.3. ಆರು ತೂತಿನದಾದರೆ ಇನ್ನೂ ಸುಲಭ, ಎದುರುಬದುರು ತೂತಿನ ಮಧ್ಯದಿಂದ ಮಧ್ಯಕ್ಕೆ ನೇರ ಅಳತೆಯೇ ಪಿಸಿಡಿ.

ಜಿಮ್ನಿ 5×139.7, ಹಳೆಯ ಜಿಪ್ಸಿಯೂ ಅದೇ. ಆದರೆ ನಿಮಗೆ ಬೇಡ. ಜಿಮ್ನಿ ಎಷ್ಟು ತೂಗುತ್ತದೆ, ನಿಮ್ಮ ಪಿಕಪ್ ಲೋಡಿನ ಸಮೇತ ಎಷ್ಟು ತೂಗುತ್ತದೆ! ಅದರ ವೀಲ್ ಮಾಡಿದ್ದು ಜನ ಕೂರುವ ಗಾಡಿಗೆ. ತೂತು ಹೊಂದುವುದರಿಂದಲೇ ಈ ತಪ್ಪು ಆಗುವುದು. ಹೊಂದದೇ ಇದ್ದರೆ ಯಾರೂ ಹಾಕಲು ಹೋಗುವುದಿಲ್ಲ.

---

ಹಾನುಬಾಳು_ಕಾಫಿ · ಗುರುವಾರ ರಾತ್ರಿ 8:15

ನಾನು ತೀರ್ಮಾನ ಮಾಡಿದೆ. ಕಂಪನಿಯ ಕಬ್ಬಿಣದ ಡಿಸ್ಕ್ ಎರಡು ಹೊಸದಾಗಿ ಆರ್ಡರ್ ಮಾಡಿದ್ದೇನೆ. ಪಾರ್ಟ್ಸ್ ಕೌಂಟರಿನಲ್ಲಿ ಚಾಸಿ ನಂಬರ್ ಕೊಟ್ಟೆ, ಅದರಿಂದಲೇ ಸರಿಯಾದ ಪಾರ್ಟ್ ನಂಬರ್ ತೆಗೆದರು. ಮಾಡೆಲ್ ಹೆಸರು ಮಾತ್ರ ಹೇಳಿದ್ದರೆ ಬೇರೆಯದು ಬರುತ್ತಿತ್ತೇನೋ. ಬಲಗಡೆಯ ಬೆಂಡಾದದ್ದನ್ನು ಪ್ರೆಸ್‌ನಲ್ಲಿ ಸರಿ ಮಾಡಿಸಿ ಸ್ಟೆಪ್ನಿಗೆ ಇಡುತ್ತೇನೆ. ಅದಕ್ಕೆ ಬಿರುಕಿಲ್ಲ, ಕಡ್ಡಿಗೀರಿ ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದ್ದೇನೆ.

ನಟ್ಟಿನ ಕೂರು ಅಂದಿದ್ದಿರಿ, ಅದನ್ನು ಹೇಳಲೇ ಇಲ್ಲ ಸರ್.

---

ಟಯರ್_ಹಾಸನ · ಗುರುವಾರ ರಾತ್ರಿ 9:50

ಹೌದು, ಮರೆತೇ ಬಿಟ್ಟಿದ್ದೆ. ನಟ್ಟಿನ ಮೂತಿ ನೋಡಿ. ಕಬ್ಬಿಣದ ಡಿಸ್ಕಿಗೂ ಹೊರಗಿನ ಹೆಚ್ಚಿನ ಅಲಾಯ್‌ಗಳಿಗೂ ಮೂತಿ ಚೂಪಾಗಿ ಇಳಿಜಾರಾಗಿರುತ್ತದೆ. ಕೆಲವು ಕಂಪನಿ ಅಲಾಯ್‌ಗಳಿಗೆ ಚಪ್ಪಟೆ ವಾಷರ್ ಇರುವ ನಟ್ ಬರುತ್ತದೆ. ಚಪ್ಪಟೆ ಕೂರಿಗೆ ಚೂಪು ನಟ್ ಹಾಕಿದರೆ ಅಂಚಿನಲ್ಲಿ ಮಾತ್ರ ಹಿಡಿಯುತ್ತದೆ. ಬಿಗಿ ಆದ ಹಾಗೆ ಕೈಗೆ ಅನಿಸುತ್ತದೆ, ನಾಲ್ಕು ದಿನ ಬಿಟ್ಟು ಸಡಿಲ. ನಿಮ್ಮದು ಕಬ್ಬಿಣಕ್ಕೆ ಕಬ್ಬಿಣ, ಹಳೆಯ ನಟ್ಟೇ ಸಾಕು. ದಾರ ಸವೆದಿದ್ದರೆ ಮಾತ್ರ ಬದಲಿಸಿ.

ಹೊಸ ಡಿಸ್ಕ್ ಹಾಕುವ ಮೊದಲು ಹಬ್ಬಿನ ಮುಖವನ್ನು ವೈರ್ ಬ್ರಷ್‌ನಲ್ಲಿ ಉಜ್ಜಿಸಿ. ನಮ್ಮ ಮಲೆನಾಡಿನ ಕೆಂಪು ಮಣ್ಣು, ತುಕ್ಕು ಸೇರಿ ಅಲ್ಲಿ ಹಪ್ಪಳದ ಹಾಗೆ ಪದರ ಕಟ್ಟಿರುತ್ತದೆ. ಅದರ ಮೇಲೆ ಬಿಗಿ ಮಾಡಿದರೆ ಓಡಾಟದಲ್ಲಿ ಪದರ ಪುಡಿ ಆಗುತ್ತದೆ, ನಟ್ ಸಡಿಲ ಆಗುತ್ತದೆ. ನಟ್ಟಿಗೆ ಗ್ರೀಸ್ ಹಚ್ಚಬೇಡಿ. ಒಂದರ ಪಕ್ಕ ಒಂದು ಬಿಗಿ ಮಾಡಬೇಡಿ, ಒಂದಾದ ಮೇಲೆ ಅದರ ಎದುರಿನದು. ಕೊನೆಯ ಬಿಗಿ ಟಾರ್ಕ್ ವ್ರೆಂಚ್‌ನಲ್ಲಿ, ಗಾಡಿಯ ಪುಸ್ತಕದಲ್ಲಿರುವ ಸಂಖ್ಯೆಗೆ. ವೀಲ್ ಪಾನದ ಮೇಲೆ ಕಾಲಿಟ್ಟು ಹಾರುವುದು ಬೇಡ, ಸ್ಟಡ್ ಎಳೆದು ಹೋಗುತ್ತದೆ. 80-100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ವಾಲ್ವ್ ಹೊಸದು ಹಾಕಿಸಿ. ಸಾಮಾನ್ಯ ಟಿಆರ್ 413 ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. ನೀವು 55 ಹಾಕುವವರು, ಬಿಸಿಯಾದಾಗ ಇನ್ನೂ ಏರುತ್ತದೆ. ಲೋಡ್ ಗಾಡಿಯ ವಾಲ್ವೇ ಬೇಕು ಅಂತ ಕೇಳಿ ಹಾಕಿಸಿಕೊಳ್ಳಿ.

---

ಶುಂಠಿ_ಅರಕಲಗೂಡು · ಗುರುವಾರ ರಾತ್ರಿ 10:20

ನಟ್ ಸಡಿಲ ಆಗಿದೆಯಾ ಅಂತ ದಿನಾ ತಿಳಿಯಲು ಏನಾದರೂ ದಾರಿ ಇದೆಯಾ ಸರ್? ನಮ್ಮ ಡ್ರೈವರ್‌ಗೆ ಹೇಳಿಕೊಡಬೇಕು.

---

ಟಯರ್_ಹಾಸನ · ಗುರುವಾರ ರಾತ್ರಿ 10:35

ಬಿಗಿ ಮಾಡಿದ ಮೇಲೆ ನಟ್ಟಿನಿಂದ ಡಿಸ್ಕಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ ಅಕ್ಕ. ನಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಇನ್ನೊಂದು, ನಟ್ಟಿನ ಬುಡದಿಂದ ಕಡ್ಡಿ ಕಡ್ಡಿಯಾಗಿ ಹೊರಗೆ ಹರಡಿದ ತುಕ್ಕಿನ ಪುಡಿ ಇದ್ದರೆ ಒಳಗೆ ಡಿಸ್ಕ್ ಉಜ್ಜಾಡುತ್ತಿದೆ ಅಂತ ಅರ್ಥ. ರಸ್ತೆಯ ಮಣ್ಣು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಇದು ನಟ್ಟಿನ ಸುತ್ತ ಮಾತ್ರ. ತೊಳೆದ ಮಾರನೇ ದಿನ ನೋಡಿದರೆ ಮೋಸ ಇಲ್ಲ.

---

ಹಾನುಬಾಳು_ಕಾಫಿ · ಮುಂದಿನ ವಾರ, ಶನಿವಾರ ಸಂಜೆ 6:30

ಡಿಸ್ಕ್ ಬಂದವು, ಹಾಕಿಸಿದೆ. ಹಬ್ಬಿನ ಮುಖ ಉಜ್ಜಿದಾಗ ಬಿದ್ದ ತುಕ್ಕಿನ ಪದರ ಒಂದು ಅಂಗೈ ತುಂಬಾ ಆಯಿತು. ನೀವು ಹೇಳಿದ ಹಾಗೇ ಹಪ್ಪಳವೇ. ಲೋಡ್ ಇಟ್ಟುಕೊಂಡು ಹಾಸನಕ್ಕೆ ಹೋಗಿ ಬಂದೆ, 96 ಕಿಲೋಮೀಟರ್ ಆಯಿತು. ಮತ್ತೆ ಟಾರ್ಕ್ ವ್ರೆಂಚ್ ಹಾಕಿದಾಗ ಎಡಗಡೆ ಎರಡು ನಟ್ ಸ್ವಲ್ಪ ತಿರುಗಿದವು, ಉಳಿದವು ಅಲುಗಲಿಲ್ಲ. ಆಮೇಲೆ ಬಿಳಿ ಗೆರೆ ಎಳೆದೆ. ಶುಕ್ರವಾರ ಸಂಜೆ 55 ಇದ್ದ ಗಾಳಿ ಇವತ್ತು ಬೆಳಿಗ್ಗೆಯೂ 55.

ಬಿರುಕಿನ ಡಿಸ್ಕನ್ನು ಗುಜರಿಯವರು ಹಾಗೇ ಕೇಳಿದರು. ಕೊಡಲಿಲ್ಲ. ಪೇಂಟ್ ಹೊಡೆದು ಇನ್ಯಾರದೋ ಗಾಡಿಗೆ ಹೋಗುವುದು ಬೇಡ ಅಂತ ಗ್ಯಾಸ್ ಕಟರ್‌ನಲ್ಲಿ ಎರಡು ಹೋಳು ಮಾಡಿಸಿ ಆಮೇಲೆ ತೂಕಕ್ಕೆ ಹಾಕಿದೆ.

---

ಚಾರ್ಮಾಡಿ_ಪಿಕಪ್ · ಶನಿವಾರ ರಾತ್ರಿ 8:05

ಅಣ್ಣ, ಒಳ್ಳೆಯದಾಯಿತು. ನಾನೂ ಇವತ್ತು ಗಾಡಿ ತೊಳೆದು ನಾಲ್ಕೂ ಚಕ್ರ ನೋಡಿದೆ. ಹಿಂದಿನ ಬಲಗಡೆ ಒಂದು ನಟ್ಟಿನ ಬುಡದಲ್ಲಿ ಕೆಂಪು ಪುಡಿ ಇದೆ, ಸುತ್ತ ಬೇರೆಲ್ಲೂ ಇಲ್ಲ. ಟಯರ್ ಸರ್, ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬರಲಾ? ಲೋಡ್ ಹಾಕದೆ ಖಾಲಿ ಗಾಡಿ ತರುತ್ತೇನೆ.

---

ಟಯರ್_ಹಾಸನ · ಶನಿವಾರ ರಾತ್ರಿ 8:20

ಬನ್ನಿ ತಮ್ಮಾ. ಅಲ್ಲಿಂದ ಹೊರಡುವ ಮೊದಲು ಅಲ್ಲೇ ಎಲ್ಲ ನಟ್ಟೂ ಒಮ್ಮೆ ಬಿಗಿ ಮಾಡಿಕೊಳ್ಳಿ, ನಿಧಾನ ಬನ್ನಿ. ಡಿಸ್ಕ್ ಬಿಚ್ಚಿ ತೂತು ಮೊಟ್ಟೆ ಆಗಿದೆಯಾ ನೋಡೋಣ. ಎಂಟೂವರೆಗೆ ಅಂಗಡಿ ತೆಗೆದಿರುತ್ತೇನೆ.